ಹೊಕ್ಕಳುಬಳ್ಳಿಯ ರಕ್ತ ಮೊದಲು ಕೂಸಿಗೆ

ಸ್ಕ್ಯಾನಿಂಗಿಗೆ ಹೋದಾಗ ಯಾರೋ ಕೈಗಿತ್ತ ಬಣ್ಣದ ಕಾಗದವನ್ನು ನಿನ್ನ ಗಂಡ ತಂದು ತೋರಿಸಿದ ಮಗಳೇ. ಹೊಕ್ಕಳುಬಳ್ಳಿಯ ರಕ್ತವನ್ನೂ ಬಳ್ಳಿಯ ಚೂರನ್ನೂ ಬ್ಯಾಂಕಿನಲ್ಲಿಟ್ಟರೆ ಮುಂದೆ ಕೂಸಿಗೆ ಯಾವ ಕಾಯಿಲೆ ಬಂದರೂ ಮದ್ದಾಗುತ್ತದಂತೆ, ದುಡ್ಡನ್ನು ಕಂತಿನಲ್ಲಿ ಕಟ್ಟಿದರೂ ನಡೆಯುತ್ತದಂತೆ. ಪಾಲಾರಿನಲ್ಲಿ ಕೂಲಿ ನಂಬಿ ಬದುಕುವ ನೀವು ಅದಕ್ಕೆ ರುಜು ಹಾಕುವ ಮುಂಚೆ ಈ ಅತ್ತೆಯ ಮಾತು ಕೇಳಿ.

ಆ ರಕ್ತಕ್ಕೆ ಶಕ್ತಿಯಿರುವುದು ಸುಳ್ಳಲ್ಲ. ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳು ಅದರಲ್ಲಿವೆ. 1988ರಲ್ಲಿ ಪ್ಯಾರಿಸ್ಸಿನ ವೈದ್ಯೆ ಎಲಿಯಾನ್ ಗ್ಲುಕ್ಮನ್, ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುಕಾಯಿಲೆಯ ಹುಡುಗನೊಬ್ಬನನ್ನು ಇದರಿಂದಲೇ ಉಳಿಸಿದರು. ಆದರೆ ಅವನಿಗೆ ಏರಿಸಿದ್ದು ಅವನ ರಕ್ತವನ್ನಲ್ಲ, ಆಗ ತಾನೇ ಹುಟ್ಟಿದ ತಂಗಿಯದನ್ನು. ಆ ಕಾಗದ ನುಂಗಿಹಾಕಿರುವುದು ಇದನ್ನೇ ಕಣವ್ವ. ವಂಶದಿಂದ ಬಂದ ದೋಷ ಕೂಸಿನ ಮೈಯಲ್ಲಿದ್ದರೆ ಅದರ ಬಳ್ಳಿಯ ರಕ್ತದಲ್ಲೂ ಇರುತ್ತದೆ. ಅದನ್ನೇ ತಿರುಗಿ ಏರಿಸಿ ಏನು ಬಂತು? ರಕ್ತದ ಕ್ಯಾನ್ಸರಿನ ಬೀಜವೂ ಎಷ್ಟೋ ಸಲ ಹುಟ್ಟುವಾಗಲೇ ಅಲ್ಲಿರಬಹುದು. ಸಿಗುವುದೂ ಒಂದು ಲೋಟ ತುಂಬದಷ್ಟು, ಬೆಳೆದ ಆಳಿಗೆ ಬಹುಪಾಲು ಸಾಲದು. ಮುಂದೆ ತನಗೇ ಬೇಕಾದೀತೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲೇ ಬರೆದಿದೆ. ಬಳ್ಳಿಯ ಚೂರನ್ನು ದುಡ್ಡಿಗೆ ಕೂಡಿಡಲು ಆ ಮಾರ್ಗಸೂಚಿಯಲ್ಲಿ ಅವಕಾಶವೇ ಇಲ್ಲ. ಅದರ ಕೋಶಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ನಮ್ಮ ಕಡೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್ ಎಂಬ, ವಂಶದಿಂದ ಬರುವ ರಕ್ತದ ಕಾಯಿಲೆ ಇದೆ. ಬಿಳಿಗಿರಿರಂಗನ ಬೆಟ್ಟದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಇದರ ತಪಾಸಣೆ ಮಾಡಿಕೊಂಡು ಬಂದಿದ್ದಾರೆ. 2023ರಿಂದ ಕೇಂದ್ರ ಸರ್ಕಾರದ ಅಭಿಯಾನವೂ ನಡೆಯುತ್ತಿದೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಕೂಸು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತಾರೆ, ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ ನೀನೊಬ್ಬಳೇ ಅಲ್ಲ, ನಿನ್ನ ಗಂಡನೂ ಪರೀಕ್ಷೆಗೆ ರಕ್ತ ಕೊಡಲಿ. ಗಂಡಸರು ಇಂಥದ್ದಕ್ಕೆ ಬಾಗಿಲಲ್ಲೇ ನಿಂತುಬಿಡುತ್ತಾರೆ, ಬಿಡಬೇಡ.

ಮನೆಯಲ್ಲಿ ಆಗಲೇ ಈ ಕಾಯಿಲೆಯ ದೊಡ್ಡ ಮಗುವಿದ್ದರೆ ಮಾತ್ರ ಲೆಕ್ಕ ಬೇರೆ. ಒಡಹುಟ್ಟಿದವರ ಕಾಂಡಕೋಶ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹುಟ್ಟುವ ಕೂಸಿಗೆ ಕಾಯಿಲೆ ಇಲ್ಲದೆ, ರಕ್ತವೂ ಹೊಂದಿದರೆ ಅಂಥ ರಕ್ತವನ್ನು ತೆಗೆದಿಡುವುದರಲ್ಲಿ ಅರ್ಥವಿದೆ. ಅದನ್ನೂ ಅಸ್ಥಿಮಜ್ಜೆ ಕಸಿ ಮಾಡುವ ವೈದ್ಯರ ಜೊತೆ ಹೆರಿಗೆಗೆ ಮುಂಚೆಯೇ ಮಾತಾಡಬೇಕು, ಕಾಗದ ಹಂಚುವವರ ಜೊತೆಯಲ್ಲ. ನಿನ್ನದಿದು ಚೊಚ್ಚಲು, ಆ ಲೆಕ್ಕ ನಿನಗೆ ಬರುವುದಿಲ್ಲ.

ಹೆರಿಗೆ ಕೋಣೆಗೆ ಹೋಗುವ ಮುಂಚೆ ಸಿಸ್ಟರ್ ಹತ್ತಿರ ಒಂದು ಮಾತು ಹೇಳಿರು: ಕೂಸು ಬಂದ ಕೂಡಲೇ ಬಳ್ಳಿ ಕತ್ತರಿಸಬೇಡಿ ಅಂತ. ಒಂದರಿಂದ ಮೂರು ನಿಮಿಷ ತಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟರಲ್ಲಿ ಬಳ್ಳಿಯ ಆ ರಕ್ತ ಕೂಸಿನ ಮೈಗೇ ಇಳಿದು, ತಿಂಗಳುಗಟ್ಟಲೆ ಕಬ್ಬಿಣದಂಶ ಒದಗಿಸುತ್ತದೆ. ನಮ್ಮ ಸೂಲಗಿತ್ತಿಯರಲ್ಲೂ ಕಸ ಬೀಳುವ ತನಕ ಬಳ್ಳಿಗೆ ಕೈಹಚ್ಚದವರಿದ್ದರು. ಹಾಗಂತ ಮನೆಯಲ್ಲೇ ಹೆರುತ್ತೇನೆ ಅನ್ನಬೇಡ. ಕೂಸು ಅಳದೆ ಹೋದರೆ ಬೇಗ ಕತ್ತರಿಸಿ ಉಸಿರಾಡಿಸಲು ವೈದ್ಯರೇ ಬೇಕು.

ಆ ಕಂತಿನ ದುಡ್ಡು ಗಾಡಿಗಿರಲಿ. ಪಾಲಾರಿನಿಂದ ಮಹದೇಶ್ವರ ಬೆಟ್ಟದ ತಿರುವುಗಳನ್ನು ದಾಟುವುದು ನೋವು ಬಂದ ಮೇಲೆ ಮಾಡುವ ಪ್ರಯಾಣವಲ್ಲ. ದಿನ ತುಂಬುವ ಮುಂಚೆಯೇ ಕೊಳ್ಳೇಗಾಲಕ್ಕೆ, ನನ್ನ ಮನೆಗೆ ಬಂದುಬಿಡು. ತಾಯಿ ಕಾರ್ಡಿನ ಜೊತೆಗೆ ನಿನ್ನ ಗಂಡನ ರಕ್ತಪರೀಕ್ಷೆಯ ಚೀಟಿಯೂ ಇರಲಿ.