ಕುರಿಗಳ ನೀಲಿನಾಲಿಗೆ ರೋಗ: ರಕ್ತನಾಳಗಳಿಗೆ ಆಗುವ ಹಾನಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ರೈತ ಬಾಂಧವರಿಗೆ ಹೊಲದಲ್ಲಿ ಕುರಿ ನಿಲ್ಲಿಸುವುದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಮೆಣಸಿನಕಾಯಿ, ಹತ್ತಿ ಬೆಳೆಯುವ ಎರೆ ಹೊಲಕ್ಕೆ ಕುರಿಯ ಹಿಕ್ಕೆ, ಮೂತ್ರ ಒಳ್ಳೆಯ ಗೊಬ್ಬರ. ಬೇಸಾಯ ಶಾಸ್ತ್ರದವನಾದ ನಾನು ಕುರಿಯ ರೋಗದ ಬಗ್ಗೆ ಬರೆಯುತ್ತಿರುವುದಕ್ಕೂ ಇದೇ ಕಾರಣ. ಹಿಂಡು ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಅನೇಕ ಸಲ ಹೊಲದ ಯಜಮಾನನೇ ತೋರಿಸುತ್ತಾನೆ. ನೀಲಿನಾಲಿಗೆ ರೋಗದಲ್ಲಿ ತಂಗುವ ಜಾಗ ಬಹು ಮುಖ್ಯ.

ಇದು ವಿಷಾಣುವಿನಿಂದ ಬರುವ ರೋಗ. ನಮ್ಮ ದೇಶದಲ್ಲಿ 1964ರಲ್ಲಿ ಮಹಾರಾಷ್ಟ್ರದಿಂದ ಮೊದಲು ವರದಿಯಾಯಿತು. ಈಗ ದಕ್ಷಿಣದ ರಾಜ್ಯಗಳಲ್ಲಿ ನೆಲೆಯೂರಿದೆ. ರೋಗಿ ಕುರಿಯ ಮೈ ತಾಗಿದ ಮಾತ್ರಕ್ಕೆ ಇನ್ನೊಂದಕ್ಕೆ ಅಂಟುವುದಿಲ್ಲ. ಕ್ಯುಲಿಕಾಯ್ಡಿಸ್ ಎಂಬ, 1ರಿಂದ 3 ಮಿ.ಮೀ. ಉದ್ದದ, ರಕ್ತ ಹೀರುವ ನುಸಿ ಇದನ್ನು ಹರಡುತ್ತದೆ. (ಮೆಣಸಿನ ಗಿಡಕ್ಕೆ ಮುಟುರು ತರುವ ನುಸಿ ಬೇರೆ, ಹೆಸರು ಮಾತ್ರ ಒಂದೇ.) ಸಗಣಿ ಬೆರೆತ ಕೆಸರಿನಲ್ಲಿ ಹುಟ್ಟಿ, ಸಂಜೆಯಿಂದ ಬೆಳಗಿನವರೆಗೆ ಹೆಚ್ಚಾಗಿ ಕಚ್ಚುತ್ತದೆ. ಆದುದರಿಂದಲೇ ಮಳೆಗಾಲದ ಕೊನೆಗೆ ಮತ್ತು ಅದರ ಬೆನ್ನಿಗೇ ರೋಗ ಹೆಚ್ಚು. ದನಗಳಲ್ಲಿ ಸಾಮಾನ್ಯವಾಗಿ ಲಕ್ಷಣ ಕಾಣದಿದ್ದರೂ ವಿಷಾಣು ಅವುಗಳ ರಕ್ತದಲ್ಲಿ ವಾರಗಟ್ಟಲೆ ಇರಬಲ್ಲದು.

ಕುರಿಯ ದೇಹದೊಳಗೆ ನಡೆಯುವುದೇನು? ರಕ್ತನಾಳದ ಒಳಮೈಗೆ ಒಂದೇ ಜೀವಕಣದಷ್ಟು ದಪ್ಪದ ಹೊದಿಕೆಯಿದೆ. ವಿಷಾಣು ಅತಿ ಸಣ್ಣ ನಾಳಗಳ ಈ ಹೊದಿಕೆಯಲ್ಲಿ ವೃದ್ಧಿಯಾಗಿ ಕಣಗಳನ್ನು ಕೊಲ್ಲುತ್ತದೆ. ಒಡ್ಡು ಸಡಿಲಾದ ನೀರ್ಗಾಲುವೆಯನ್ನು ನೆನೆಯಿರಿ. ನೀರು ಪಕ್ಕಕ್ಕೆ ಜಿನುಗಿ ಬದುವೆಲ್ಲ ತೊಯ್ಯುತ್ತದೆ, ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ಹಾಗೆಯೇ ರಕ್ತದ ದ್ರವ ಹೊರಗೆ ಜಿನುಗಿ ತುಟಿ, ಗದ್ದ, ಕಿವಿ ಬಾತುಕೊಳ್ಳುತ್ತವೆ. ಶ್ವಾಸಕೋಶದಲ್ಲಿ ಜಿನುಗಿದರೆ ಮೂಗಿನಲ್ಲಿ ನೊರೆ ಬಂದು ಕುರಿ ಉಸಿರುಕಟ್ಟಿ ಸಾಯುವುದುಂಟು. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಅದರಾಚೆಯ ಮಾಂಸಖಂಡ ಆಮ್ಲಜನಕವಿಲ್ಲದೆ ಕೆಡುತ್ತದೆ. ಕುಂಟುವುದು, ಕತ್ತು ತಿರುಚಿಕೊಳ್ಳುವುದು ಇದರಿಂದ. ನಾಲಿಗೆಯಲ್ಲಿ ರಕ್ತ ನಿಂತು ಆಮ್ಲಜನಕ ಕಳೆದುಕೊಂಡಾಗ ನೀಲಿ ಬಣ್ಣ ಬರುತ್ತದೆ. ಎಲ್ಲ ಕುರಿಗಳಲ್ಲೂ ಹೀಗಾಗದು, ಆ ಬಣ್ಣಕ್ಕಾಗಿ ಕಾಯುತ್ತ ಕೂಡಬೇಡಿರಿ. ಹಂದಿ ಜ್ವರದ ವಿಷಾಣುವೂ ರಕ್ತನಾಳಗಳನ್ನು ಕೆಡಿಸಿ ಮೂತ್ರಪಿಂಡದ ಮೇಲೆ ಕೆಂಪು ಚುಕ್ಕೆಗಳನ್ನು ಮೂಡಿಸುತ್ತದೆ. ಆದರೆ ಆ ವಿಷಾಣು ಬೇರೆ, ಅದರ ಲಸಿಕೆಯೂ ಬೇರೆ.

ಮೊದಲು 105ರಿಂದ 107 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಜೊಲ್ಲು, ಮೂಗಿನ ಸುತ್ತ ಹಕ್ಕಳೆ, ಬಾಯಲ್ಲಿ ಹುಣ್ಣು. ಗೊರಸಿನ ಮೇಲಂಚಿನಲ್ಲಿ ಕೆಂಪು ಪಟ್ಟಿ ಇದೆಯೇ ಎಂದು ತಪ್ಪದೆ ನೋಡಿರಿ. ಗಬ್ಬದ ಕುರಿ ಕಂದು ಹಾಕಬಹುದು. ಬದುಕಿದ ಕುರಿಯಲ್ಲೂ ಉಣ್ಣೆ ಉದುರುತ್ತದೆ. ಮೆಡ್ಲೇರಿಯ ಕಂಬಳಿ ನೇಕಾರರಿಗೂ ಇದು ನಷ್ಟವೇ. ಪಿ.ಪಿ.ಆರ್. ರೋಗದಲ್ಲೂ ಬಾಯಿ ಹುಣ್ಣಾಗುತ್ತದೆ, ಆದರೆ ಅಲ್ಲಿ ಭೇದಿ ಹೆಚ್ಚು. ಪಿ.ಪಿ.ಆರ್. ಲಸಿಕೆ ಹಾಕಿಸಿದ ಹಿಂಡಿಗೆ ನೀಲಿನಾಲಿಗೆ ಬರದೆಂಬುದು ತಪ್ಪು ತಿಳಿವಳಿಕೆ. ಖಚಿತವಾಗಬೇಕಾದರೆ ಪಶುವೈದ್ಯರ ಮೂಲಕ ರಕ್ತ ಪರೀಕ್ಷೆ ಮಾಡಿಸಬೇಕು.

ವಿಷಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ರೋಗಿ ಕುರಿಯನ್ನು ಬಿಸಿಲಿನಲ್ಲಿ ನಡೆಸಬಾರದು, ನೆರಳಿನಲ್ಲಿ ಕಟ್ಟಬೇಕು. ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಶಿಯಂ ಪರ್ಮಾಂಗನೇಟ್ ಕರಗಿಸಿ ಬಾಯಿ ತೊಳೆದು, ಬೋರಿಕ್ ಪುಡಿ ಬೆರೆಸಿದ ಗ್ಲಿಸರಿನ್ ಹಚ್ಚಿರಿ. ಜೋಳದ ಅಥವಾ ರಾಗಿಯ ತಿಳಿಗಂಜಿ, ಎಳೆ ಹುಲ್ಲು ಕೊಡಿರಿ. ಗಂಜಿಯನ್ನು ಗಂಟಲಿಗೆ ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹುಣ್ಣಿಗೆ ಸೇರುವ ಬೇರೆ ಸೋಂಕನ್ನು ತಡೆಯುವ ಚುಚ್ಚುಮದ್ದು ಪಶುವೈದ್ಯರ ಕೆಲಸ.

ವಿಷಾಣುವಿನಲ್ಲಿ 24ಕ್ಕೂ ಹೆಚ್ಚು ಬಗೆಗಳಿವೆ. ನಮ್ಮಲ್ಲಿ ಸಿದ್ಧವಾಗಿರುವ ಲಸಿಕೆಯಲ್ಲಿ 1, 2, 10, 16 ಮತ್ತು 23 ಎಂಬ ಐದು ಬಗೆಗಳು ಸೇರಿವೆ. ಬೇರೊಂದು ಬಗೆ ಬಂದರೆ ರಕ್ಷಣೆ ಪೂರ್ಣವಾಗಿರದು. ಹಾಗಿದ್ದರೂ ಮಳೆಗಾಲಕ್ಕೆ ಮುಂಚೆ ಹಾಕಿಸುವುದೇ ಲೇಸು.

ಇನ್ನು ತಂಗುವ ಜಾಗ. ಹೊಂಡ, ಕಾಲುವೆ, ತಿಪ್ಪೆ, ದನದ ಕೊಟ್ಟಿಗೆ ಇವುಗಳಿಂದ ದೂರವಾಗಿ, ಗಾಳಿಯಾಡುವ ಎತ್ತರದ ಒಣ ಭಾಗದಲ್ಲಿ ಹಟ್ಟಿ ಹಾಕಿಸಿರಿ. ತಗ್ಗಿನ ಮೂಲೆಗೆ ಗೊಬ್ಬರ ಬೇಕಾಗಿದ್ದರೆ ಬೇಸಿಗೆಯಲ್ಲಿ ನಿಲ್ಲಿಸಬಹುದು. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದರೆ ನುಸಿ ತುಸು ದೂರವಿರುತ್ತದೆ, ಅದನ್ನೇ ನಂಬಿ ಕೂಡಬಾರದು. ಸತ್ತ ಕುರಿಯನ್ನು ಹೊಲದಂಚಿಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಕುರಿಗಾರರ ಹಿಂಡನ್ನು ಆ ಭಯದಿಂದ ಊರಾಚೆಗೆ ಅಟ್ಟಬೇಕಾಗಿಲ್ಲ.