ಕಡ್ಲೆಯ ಖಾತೆ

ಕಾಯಿಲೆ ನಾಯಿಯನ್ನು ಮನೆಗೆ ತಂದರೆ ಕೈ ಬರಿದಾಗುತ್ತದೆ ಎಂದು ನನ್ನನ್ನು ಹೆದರಿಸಿದವರಲ್ಲಿ ಬ್ಯಾಂಕಿನ ಹಳೆಯ ಸಹೋದ್ಯೋಗಿಗಳೇ ಹೆಚ್ಚು. ಸಾಲದ ಅರ್ಜಿ ನೋಡಿ ನೋಡಿ ನಮ್ಮ ಕಣ್ಣಿಗೆ ಎಲ್ಲದರಲ್ಲೂ ಮೊದಲು ಕಾಣುವುದು ಅಪಾಯವೇ. ಆದರೆ ಅದೇ ಕೌಂಟರಿನ ಹಿಂದೆ ಕೂತು ನಾನು ಇನ್ನೊಂದನ್ನೂ ನೋಡಿದ್ದೇನೆ. ತಿಂಗಳ ಕಂತು ಎಷ್ಟೆಂದು ಗೊತ್ತಿದ್ದವರು ಹೇಗೋ ಕಟ್ಟಿ ಮುಗಿಸುತ್ತಿದ್ದರು. ಮುಳುಗುತ್ತಿದ್ದವರು ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದವರು. ನಮ್ಮ ನಾಯಿ ಕಡ್ಲೆಯ ಕಾಯಿಲೆ ಮೊದಲ ದಿನದಿಂದಲೇ ಗೊತ್ತಿದ್ದದ್ದು. ಹಾಗಾಗಿ ಲೆಕ್ಕ ಹಾಕಲು ಬಂತು.

ಕಡ್ಲೆ ಪಾಮೇರಿಯನ್ ಬೆರಕೆ, ಹೆಣ್ಣು, ಆರು ಕೆಜಿ, ವಯಸ್ಸು ಏಳೋ ಎಂಟೋ. ಮೈಬಣ್ಣ ಹುರಿದ ಕಡಲೆಕಾಯಿಯದ್ದು, ಹೆಸರೂ ಅದರಿಂದಲೇ ಬಂತು. ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ಮೇಲೆ ಸಾಕಿದವರು ಬಿಟ್ಟು ಹೋಗಿದ್ದರಂತೆ. ಬೆಂಗಳೂರಿನ ಒಂದು ಆಶ್ರಯಧಾಮದಿಂದ ನಾವು ನಮ್ಮೂರು ಮುದ್ದೇನಹಳ್ಳಿಗೆ ಕರೆತಂದೆವು. ದತ್ತು ಕೊಡುವಾಗ ಅವರು ಒಂದು ರೂಪಾಯಿಯನ್ನೂ ಕೇಳಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಎಲ್ಲ ಅವರೇ ಮುಗಿಸಿದ್ದರು. ಆ ಶಸ್ತ್ರಚಿಕಿತ್ಸೆ ಬರೀ ಮರಿಗಳಾಗದಿರಲಿ ಎಂದಲ್ಲ. ಬೆದೆಗೆ ಬಂದಾಗ ಏರುವ ಹಾರ್ಮೋನು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ, ಡೋಸು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯ ಹೆಣ್ಣು ನಾಯಿಯನ್ನು ತರುವವರು ಮೊದಲು ಕೇಳಬೇಕಾದ ಪ್ರಶ್ನೆ ಅದು.

ಇನ್ನು ತಿಂಗಳ ಲೆಕ್ಕ. ಇನ್ಸುಲಿನ್ ಬಾಟಲಿಗೆ ನಾನು ಕೊಡುತ್ತಿರುವುದು ಸುಮಾರು 160 ರೂಪಾಯಿ. ನಮ್ಮ ಡಾಕ್ಟರು ಬರೆದಿರುವುದು ಮನುಷ್ಯರಿಗೆ ಕೊಡುವ ಇನ್ಸುಲಿನ್ನನ್ನೇ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧ, ಚಿಕ್ಕಬಳ್ಳಾಪುರದ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಹತ್ತು ಎಂಎಲ್ ಬಾಟಲಿ, ಎಂಎಲ್‌ಗೆ 40 ಯೂನಿಟ್, ಒಟ್ಟು 400. ಕಡ್ಲೆಗೆ ದಿನಕ್ಕೆ ಬೇಕಾಗುವುದು ಆರು ಯೂನಿಟ್. ಕಾಗದದ ಮೇಲೆ ಎರಡು ತಿಂಗಳಿಗೂ ಮಿಕ್ಕುತ್ತದೆ, ಆದರೆ ಮುಚ್ಚಳ ಚುಚ್ಚಿದ ಮೇಲೆ ತಿಂಗಳೊಳಗೆ ಎಸೆಯಬೇಕು. ಅರ್ಧಕ್ಕಿಂತ ಹೆಚ್ಚು ಚರಂಡಿ ಪಾಲು. ಈ ನಷ್ಟಕ್ಕೆ ಹೊಟ್ಟೆ ಉರಿದುಕೊಂಡು ಹಳೆಯದನ್ನೇ ಎಳೆದಾಡುವವರಿದ್ದಾರೆ. ನೂರು ರೂಪಾಯಿ ಉಳಿಸಲು ಹೋಗಿ ಆಸ್ಪತ್ರೆಯಲ್ಲಿ ಸಾವಿರಗಟ್ಟಲೆ ತೆರುವ ಉಳಿತಾಯ ಅದು.

ನನಗೆ ಆಶ್ಚರ್ಯ ತಂದದ್ದು ಸಿರಿಂಜು. ದಿನಕ್ಕೆ ಎರಡು, ತಿಂಗಳಿಗೆ ಅರವತ್ತು, ಒಂದಕ್ಕೆ ಒಂಬತ್ತು ರೂಪಾಯಿಯಂತೆ 540. ಔಷಧಕ್ಕಿಂತ ಸೂಜಿಗೇ ಮೂರು ಪಟ್ಟು! 40 ಯೂನಿಟ್ಟಿನ ಬಾಟಲಿಗೆ 40ರ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು. 100ರ ಸಿರಿಂಜಿನಲ್ಲಿ ಎಳೆದರೆ ಡೋಸು ಅರ್ಧಕ್ಕೂ ಕಡಿಮೆಯಾಗಿಬಿಡುತ್ತದೆ. ಸಕ್ಕರೆ ನೋಡುವ ಪಟ್ಟಿಗೆ 200, ಕೋಳಿ, ಮೊಟ್ಟೆ, ತರಕಾರಿ, ಒಂದಿಷ್ಟು ಅನ್ನಕ್ಕೆ 1,400, ಲಸಿಕೆ, ಉಣ್ಣೆಯ ಔಷಧ, ಜಂತಿನ ಮಾತ್ರೆಯ ವರ್ಷದ ಖರ್ಚನ್ನು ಹಂಚಿದರೆ 300. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮತ್ತು ಓಡಾಟ ಸೇರಿ 2,400, ಅಂದರೆ ತಿಂಗಳಿಗೆ 800. ಇಲ್ಲಿಗೆ 3,400. ಇದರ ಮೇಲೆ 1,500 ರೂಪಾಯಿಯನ್ನು ಬೇರೆಯೇ ಉಳಿತಾಯ ಖಾತೆಗೆ ಹಾಕುತ್ತೇವೆ. ಒಟ್ಟು ಐದು ಸಾವಿರಕ್ಕೆ ನೂರು ಕಡಿಮೆ.

ಆ 1,500ನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕಬಾರದೇ ಎಂದು ಮಗ ಕೇಳಿದ. ಬಡ್ಡಿ ಅಲ್ಲಿ ಹೆಚ್ಚು ನಿಜ. ಆದರೆ ಅದು ಐದು ವರ್ಷದ್ದು, ಮೂರು ವರ್ಷ ತುಂಬುವ ಮುಂಚೆ ಮುಚ್ಚಲು ಬರುವುದಿಲ್ಲ. ಭಾನುವಾರ ರಾತ್ರಿ ಸಕ್ಕರೆ ಇಳಿದು ನಾಯಿ ತೂರಾಡಿದರೆ ಒಸಡಿಗೆ ಜೇನುತುಪ್ಪ ಸವರಿ ಗಾಡಿ ಹತ್ತಬೇಕು, ಬಡ್ಡಿದರ ನೋಡುತ್ತ ಕೂರಲಾಗುವುದಿಲ್ಲ. ತುರ್ತಿನ ದುಡ್ಡಿಗೆ ಬಡ್ಡಿ ಕಮ್ಮಿಯಾದರೂ ಚಿಂತೆಯಿಲ್ಲ, ಕೈಗೆ ಸಿಗಬೇಕು.

ಇನ್ಸುಲಿನ್ ಎಲ್ಲಿಂದ ಬಂತೆಂದು ಕೇಳಿದರೆ ಹಳೆಯ ಕಥೆಗೆ ಹೋಗಬೇಕು, ಆ ಕಥೆಯಲ್ಲೂ ನಾಯಿಗಳಿವೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳಿಗೆ ಆ ಗ್ರಂಥಿಯ ಸಾರವನ್ನೇ ಚುಚ್ಚಿ ಬದುಕಿಸಿ ನೋಡಿದರು. ಮನುಷ್ಯನಿಗೆ ಸಿಕ್ಕಿದ್ದು ಆಮೇಲೆ, 1922ರ ಜನವರಿಯಲ್ಲಿ. ಮರುವರ್ಷ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಕಡ್ಲೆಗೆ ಸೂಜಿ ಹಾಕುವುದನ್ನು ಕಂಡು ‘ಮನುಷ್ಯರ ಔಷಧ ನಾಯಿಗಾ?’ ಎಂದವರಿಗೆ ಈ ಕಥೆ ಹೇಳುತ್ತೇನೆ. ಪೂರ್ತಿ ಕೇಳಿದವರು ಕಡಿಮೆ.

ಪರೀಕ್ಷೆಗೆ ಹೋಗುವುದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಖಾಸಗಿ ಕ್ಲಿನಿಕ್ಕುಗಳ ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿನ ಶುಲ್ಕ ಏನೂ ಅಲ್ಲ. ಕಾಯುವ ಹೊತ್ತು ಮಾತ್ರ ಜಾಸ್ತಿ. ಚಿಕ್ಕಬಳ್ಳಾಪುರದಿಂದ ಸಾರಿಗೆ ಬಸ್ಸು. ಶಕ್ತಿ ಯೋಜನೆ ಬಂದ 2023ರ ಜೂನಿನಿಂದ ನನ್ನ ಹೆಂಡತಿಗೆ ಟಿಕೆಟ್ಟಿಲ್ಲ, ನನಗೆ ಪೂರ್ತಿ, ಕಡ್ಲೆಗೆ ಅರ್ಧ. ‘ಇದೂ ಹೆಣ್ಣೇ ಅಲ್ವಾ ಸಾರ್’ ಎಂದು ಕಂಡಕ್ಟರಿಗೆ ಹೇಳಿ ನೋಡಿದೆ. ‘ಆಧಾರ್ ಕಾರ್ಡ್ ತೋರಿಸಿ’ ಅಂದರು.

ವಿಮೆಯ ವಿಚಾರ ಬೇಗ ಮುಗಿಯುತ್ತದೆ. ನಾಯಿಗೆ ಪಾಲಿಸಿ ಕೊಡುವ ಕಂಪನಿಗಳು ನಮ್ಮ ದೇಶದಲ್ಲಿ ಇವೆ, ಆದರೆ ಅವಕ್ಕೆ ಬೇಕಾಗಿರುವುದು ಎಳೆಯ, ಆರೋಗ್ಯವಂತ ನಾಯಿ. ಮೊದಲೇ ಇರುವ ಕಾಯಿಲೆಗೆ ಹಣ ಬರುವುದಿಲ್ಲ. ಆರೋಗ್ಯ ವಿಮೆಯ ತೆರಿಗೆ ವಿನಾಯಿತಿಯಲ್ಲಿ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಇದ್ದಾರೆ, ನಾಯಿ ಇಲ್ಲ. ಪಕ್ಕದ ಕೊಟ್ಟಿಗೆಯ ಹಸುವಿಗೆ ಕಿವಿಯೋಲೆಯೂ ಇದೆ, ವಿಮೆಯೂ ಇದೆ, ಪ್ರೀಮಿಯಮ್ಮಿಗೆ ಸರ್ಕಾರದ ಸಹಾಯವೂ ಇದೆ. ಅದನ್ನು ಕಂಡು ಕೊರಗಬೇಕಿಲ್ಲ. ಆ ವಿಮೆ ಹಸು ಸತ್ತರೆ ಅದರ ಬೆಲೆ ತುಂಬಿಕೊಡುವುದು. ಕಡ್ಲೆಯನ್ನು ಸಂತೆಗೆ ಹೊಡೆದರೆ ಒಂದು ಪೈಸೆ ಹುಟ್ಟದು. ಬೆಲೆಯೇ ಇಲ್ಲದ್ದಕ್ಕೆ ಏನು ತುಂಬಿಕೊಡುತ್ತಾರೆ? ನಮಗೆ ಬೇಕಾದದ್ದು ಚಿಕಿತ್ಸೆಯ ಖರ್ಚು, ಅದಕ್ಕೆ ಆ 1,500ರ ಖಾತೆಯೇ ನಮ್ಮ ವಿಮೆ.

ಇಷ್ಟೂ ಲೆಕ್ಕದಲ್ಲಿ ಬಾರದ ದೊಡ್ಡ ಖರ್ಚೊಂದು ಉಳಿದಿದೆ, ಹೊತ್ತು. ಹನ್ನೆರಡು ಗಂಟೆಗೊಮ್ಮೆ ಊಟ, ಊಟದ ಹಿಂದೆಯೇ ಸೂಜಿ. ಮೂಗು ತಿರುಗಿಸಿ ಊಟ ಬಿಟ್ಟಿತೋ, ಡಾಕ್ಟರಿಗೆ ಫೋನು. ಗೌರಿಬಿದನೂರಿನಲ್ಲಿ ತಂಗಿಯ ಮನೆಗೆ ಹೋದರೆ ಸಂಜೆಗೆ ವಾಪಸು, ಬೇರೆ ಊರಿನ ಮದುವೆಯಾದರೆ ಇಬ್ಬರಲ್ಲಿ ಒಬ್ಬರು. ಬೆಂಗಳೂರಿನಲ್ಲಿ ನಾಯಿಗಳನ್ನು ಇಟ್ಟುಕೊಳ್ಳುವ ಕಡೆ ವಿಚಾರಿಸಿದೆ: ದಿನಕ್ಕೆ ಎಂಟುನೂರರಿಂದ ಸಾವಿರ, ಸೂಜಿ ಎಂದ ಕೂಡಲೇ ‘ಇಲ್ಲ ಸಾರ್’.

ದಾರಿ ತೋರಿಸಿದವರು ಪಕ್ಕದ ಮನೆಯ ಅಕ್ಕ. ಅವರದ್ದು ಬೆಳಿಗ್ಗೆ ಆರು, ಸಂಜೆ ಆರಕ್ಕೆ ಹಾಲು ಕರೆದು ಡೈರಿಗೆ ಹಾಕುವ ಬದುಕು. ಕಡ್ಲೆಯ ಹೊತ್ತೂ ಅದೇ. ಮೊದಮೊದಲು ‘ಅಲ್ಲಣ್ಣ, ಇದು ಎಷ್ಟು ಲೀಟ್ರು ಕರೆಯುತ್ತೆ?’ ಎಂದು ನಗುತ್ತಿದ್ದವರು, ಆಮೇಲೆ ತಾವೇ ‘ಸೂಜಿ ತಾನೆ, ಕೊಡಿ’ ಅಂದರು. ಒಂದು ರಾತ್ರಿಗೆ 150 ರೂಪಾಯಿ ಎಂದು ನಿಗದಿ ಮಾಡಿದೆ. ‘ದುಡ್ಡು ಯಾಕಣ್ಣ’ ಎಂದು ಬೇಸರಪಟ್ಟುಕೊಂಡರು. ನಾನು ಬಿಡಲಿಲ್ಲ. ಉಪಕಾರವನ್ನು ಒಂದೆರಡು ಸಲ ಕೇಳಬಹುದು, ಮೂರನೇ ಸಲಕ್ಕೆ ನಾಲಿಗೆ ತಡವರಿಸುತ್ತದೆ. ಕೂಲಿ ಕೊಟ್ಟರೆ ಶಿವರಾತ್ರಿಗೆ ನಂದಿ ಜಾತ್ರೆಯಲ್ಲಿ ಜಾಗರಣೆ ಕೂರುತ್ತೇವೆಂದು ಧೈರ್ಯವಾಗಿ ಹೇಳಬಹುದು.

ಇತ್ಯರ್ಥವಾಗದೆ ಉಳಿದಿರುವುದು ಕಣ್ಣು. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಬಹುಪಾಲಿಗೆ ವರ್ಷ, ಒಂದೂವರೆ ವರ್ಷದೊಳಗೆ ಪೊರೆ ಬರುತ್ತದೆ. ಕಡ್ಲೆಯ ಎಡಗಣ್ಣು ಈಗಾಗಲೇ ಬೆಳ್ಳಗಾಗಿದೆ. ಎರಡೂ ಕಣ್ಣಿನ ಆಪರೇಷನ್ನಿಗೆ ಒಂದು ಕಡೆ ಹೇಳಿದ ಮೊತ್ತ ಲಕ್ಷದ ಹತ್ತಿರ. ಮನೆಗೆ ತರುವ ಮುಂಚೆಯೇ ಒಂದು ಮಿತಿ ಹಾಕಿಕೊಂಡು ಪುಸ್ತಕದಲ್ಲಿ ಬರೆದಿದ್ದೆ: ನೋವು ಕಳೆಯುವ ಚಿಕಿತ್ಸೆಗೆ ಖಾತೆಯಲ್ಲಿ ಇರುವಷ್ಟೂ ಖರ್ಚು, ಸಾಲ ಮಾತ್ರ ಇಲ್ಲ. ನಾಯಿ ಮೂಗಿನಿಂದಲೇ ಮನೆ ತಿರುಗಬಲ್ಲದು. ಉರಿಯೂತವಾಗದಂತೆ ಹನಿ ಔಷಧ ಹಾಕಿ ನೋಡಿಕೊಂಡರೆ ಆಪರೇಷನ್ ಇಲ್ಲದೆಯೂ ಬದುಕುತ್ತದೆ. ಈ ಮಿತಿ ಪ್ರೀತಿ ಬೆಳೆದ ಮೇಲೆ ಹಾಕುವಂಥದ್ದಲ್ಲ, ಆಗ ಪೆನ್ನು ಓಡುವುದಿಲ್ಲ.

ಹೆಂಡತಿ ಆ ಪುಟ ಓದಿದಳು. ‘ಇದು ನಿಮ್ಮ ಲೆಕ್ಕ’ ಎಂದಳು. ಮಾರನೇ ವಾರ ತನ್ನ ಸಂಘದಲ್ಲಿ ತಿಂಗಳಿಗೆ ಎರಡು ಸಾವಿರದ ಚೀಟಿ ಹಾಕಿದಳು, ಯಾವುದಕ್ಕೆ ಎಂದು ನಾನೂ ಕೇಳಿಲ್ಲ.