ಬಿರಿಯಾನಿ ತಿಂದ ಎರಡು ಗಂಟೆಗೆ ಶುಗರ್ ನೋಡಿದರೆ ಸಾಕೇ?

ಹಬ್ಬದ ಊಟದ ಪಂಕ್ತಿಯಲ್ಲಿ ಬಡಿಸುವಾಗ ಹಿರಿಯರಿಂದ ನಾವು ಮತ್ತೆ ಮತ್ತೆ ಕೇಳುವ ಮಾತು ಇದು: "ಪಾಯಸ ಬೇಡಪ್ಪಾ, ನನಗೆ ಶುಗರ್ ಇದೆ. ಬಿರಿಯಾನೀನೇ ಇನ್ನೊಂಚೂರು ಹಾಕು." ಸಿಹಿ ಮುಟ್ಟಲಿಲ್ಲ, ಆದ್ದರಿಂದ ಶುಗರ್ ಏರುವುದಿಲ್ಲ ಎಂಬುದು ಅವರ ಲೆಕ್ಕ. ಎರಡು ಗಂಟೆ ಕಳೆದು ಮನೆಯ ಮೆಷಿನ್‌ನಲ್ಲಿ ನೋಡಿದರೆ 160 ಬರುತ್ತದೆ, ಸಮಾಧಾನವೂ ಆಗುತ್ತದೆ. ತೇರು ಮುಗಿದ ಮೇಲೆ ರಾತ್ರಿ ಹತ್ತಕ್ಕೆ ತಿಂದ ಊಟವಾದರೆ, ಬೆಳಿಗ್ಗೆ ಬರಿಹೊಟ್ಟೆಯ ಶುಗರ್ 200 ದಾಟಿರುವುದೂ ಉಂಟು. ಆಗ ಬೈಗುಳ ಬೀಳುವುದು ಮಾತ್ರೆಗೆ. ಕೆಲವರು ಯಾರನ್ನೂ ಕೇಳದೆ ಒಂದು ಮಾತ್ರೆ ಹೆಚ್ಚಿಗೆ ನುಂಗುತ್ತಾರೆ. ಅದು ಅಪಾಯ. ಹಾಗಾಗಿ ಈ ಸಲ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಇವು ಊಟದ ನಂತರದ ಶುಗರನ್ನು ಏನು ಮಾಡುತ್ತವೆ ಎಂದು ನೋಡೋಣ.

ಅನ್ನ, ಮುದ್ದೆ, ಪರೋಟ ಯಾವುದೇ ಆಗಲಿ, ಅದರಲ್ಲಿರುವ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಊಟದ ನಂತರ ಶುಗರ್ ಏರುವುದು ಮುಖ್ಯವಾಗಿ ಇದರಿಂದಲೇ. ಕೊಬ್ಬು ಹಾಗಲ್ಲ. ಅದರಿಂದ ನೇರವಾಗಿ ಹುಟ್ಟುವ ಗ್ಲೂಕೋಸ್ ತೀರಾ ಕಡಿಮೆ. ಆದರೆ ಕೊಬ್ಬು ಸಣ್ಣ ಕರುಳಿನ ಆರಂಭಕ್ಕೆ ತಲುಪಿದೊಡನೆ ಅಲ್ಲಿ ಕೊಲೆಸಿಸ್ಟೊಕೈನಿನ್ ಮುಂತಾದ ಹಾರ್ಮೋನುಗಳು ಹೊರಡುತ್ತವೆ. (ಈ ಹೆಸರನ್ನು ಪರೀಕ್ಷೆ ಬರೆಯುವ ಮಕ್ಕಳಿಗೆ ಬಿಟ್ಟುಬಿಡಿ.) ಅವು ಜಠರಕ್ಕೆ "ನಿಧಾನವಾಗಿ ಕಳಿಸು" ಎಂದು ಹೇಳಿದಂತೆ ಕೆಲಸ ಮಾಡುತ್ತವೆ. ಜಠರ ಆಹಾರವನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬಿಡುತ್ತದೆ. ಹಾಗಾಗಿ ಅದೇ ಅನ್ನದ ಗ್ಲೂಕೋಸ್ ಒಮ್ಮೆಲೇ ಬಾರದೆ ತಡವಾಗಿ ಬರುತ್ತದೆ.

2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಡಿಲೇಡ್ ನಗರದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಟೈಪ್ 2 ಮಧುಮೇಹ ಇರುವ ಕೆಲವರಿಗೆ ಆಲೂಗಡ್ಡೆ ತಿನ್ನುವ ಅರ್ಧ ಗಂಟೆ ಮೊದಲು 30 ಮಿಲಿ ಆಲಿವ್ ಎಣ್ಣೆ ಕುಡಿಸಿ ನೋಡಿದರು. ಜಠರ ಖಾಲಿಯಾಗುವುದು ನಿಧಾನವಾಯಿತು, ಶುಗರ್ ಏರುವುದೂ ತಡವಾಯಿತು.

"ಹಾಗಾದರೆ ಮುದ್ದೆಗೆ ತುಪ್ಪ ಸುರಿದುಕೊಂಡರೆ ಒಳ್ಳೆಯದೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಮೊದಲ ಎರಡು ಗಂಟೆಯನ್ನಷ್ಟೇ ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ಕತೆಯ ಎರಡನೆಯ ಭಾಗ ಮೂರು ಗಂಟೆಯ ನಂತರ ಶುರುವಾಗುತ್ತದೆ.

ಕೊಬ್ಬು ಜೀರ್ಣವಾದಂತೆ ರಕ್ತದಲ್ಲಿ ಕೊಬ್ಬಿನ ಆಮ್ಲಗಳು ಹೆಚ್ಚುತ್ತವೆ. ಸ್ನಾಯುಗಳು ಅವನ್ನೇ ಉರಿಸತೊಡಗಿದರೆ ಗ್ಲೂಕೋಸನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಫಿಲಿಪ್ ರ‍್ಯಾಂಡಲ್ ಎಂಬ ಬ್ರಿಟಿಷ್ ವಿಜ್ಞಾನಿ ಮತ್ತವರ ಸಂಗಡಿಗರು 1963ರಲ್ಲೇ ಈ ಪೈಪೋಟಿಯನ್ನು ವಿವರಿಸಿದ್ದರು. ಇನ್ಸುಲಿನ್ ಬಂದು ಬಾಗಿಲು ತಟ್ಟುತ್ತದೆ, ಬಾಗಿಲು ಅರ್ಧವೇ ತೆರೆಯುತ್ತದೆ ಎಂದುಕೊಳ್ಳಿ. ಒಂದು ಕಡೆ ಗ್ಲೂಕೋಸ್ ತಡವಾಗಿ ಬರುತ್ತಿದೆ, ಇನ್ನೊಂದು ಕಡೆ ಇನ್ಸುಲಿನ್ನಿನ ಶಕ್ತಿ ಕುಗ್ಗಿದೆ. ಹೀಗೆ ಏರಿದ ಶುಗರ್ ಬೇಗ ಇಳಿಯುವುದಿಲ್ಲ.

ಅಮೆರಿಕದ ಬೋಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದವರು 2013ರಲ್ಲಿ ಇದನ್ನು ಅಳೆದು ತೋರಿಸಿದರು. ಟೈಪ್ 1 ಮಧುಮೇಹ ಇದ್ದ ಏಳು ಮಂದಿಗೆ ಎರಡು ಬಗೆಯ ರಾತ್ರಿಯೂಟ ಕೊಟ್ಟರು. ಪಿಷ್ಟ, ಸಕ್ಕರೆ, ಪ್ರೋಟೀನು ಎರಡರಲ್ಲೂ ಒಂದೇ ಅಳತೆ. ಒಂದರಲ್ಲಿ ಕೊಬ್ಬು 10 ಗ್ರಾಂ, ಇನ್ನೊಂದರಲ್ಲಿ 60 ಗ್ರಾಂ. ಹೆಚ್ಚು ಕೊಬ್ಬಿನ ಊಟಕ್ಕೆ ಸರಾಸರಿ 42 ಶೇಕಡಾ ಹೆಚ್ಚು ಇನ್ಸುಲಿನ್ ಬೇಕಾಯಿತು, ಅಷ್ಟು ಕೊಟ್ಟರೂ ಶುಗರ್ ಮೇಲೆಯೇ ಉಳಿಯಿತು. ಏಳು ಮಂದಿ ಅಂದರೆ ಸಣ್ಣ ಅಧ್ಯಯನ, ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ಬಹಳವಿತ್ತು. 60 ಗ್ರಾಂ ಕೊಬ್ಬು ಎಲ್ಲಿಂದ ಬರಬೇಕು ಅನ್ನಬೇಡಿ. ಒಂದು ಟೀ ಚಮಚ ಎಣ್ಣೆಯಲ್ಲೇ ಸುಮಾರು 4.5 ಗ್ರಾಂ ಇದೆ. ಎಣ್ಣೆ ತೇಲುವ ಸಾಲ್ನಾ, ಪದರ ಪದರಕ್ಕೂ ಎಣ್ಣೆ ಹಚ್ಚಿದ ಎರಡು ಪರೋಟ, ಮೇಲೊಂದು ಚಿಕನ್ ಸಿಕ್ಸ್‌ಟಿಫೈವ್ ಸೇರಿದರೆ ಅದರ ಹತ್ತಿರ ಹೋಗಿಬಿಡುತ್ತೇವೆ.

ಲ್ಯಾಬಿನ ಚೀಟಿಯಲ್ಲಿ ಪಿಪಿಬಿಎಸ್ ಎಂದು ಬರೆದಿರುತ್ತದಲ್ಲ, ಅದು ಊಟದ ಎರಡು ಗಂಟೆಯ ನಂತರದ ಶುಗರ್. ಸಾಮಾನ್ಯ ಮನೆಯೂಟಕ್ಕೆ ಅದು ಸರಿಯಾದ ಅಳತೆ. ಜಿಡ್ಡಿನ ಊಟವಾದ ದಿನ ಮಾತ್ರ ಆ ಒಂದೇ ಅಂಕಿ ನಂಬಿ ಕೂರಬೇಡಿ. ನಾಲ್ಕೈದು ಗಂಟೆಯ ನಂತರ ಇನ್ನೊಮ್ಮೆ ನೋಡಿ. ಸ್ಟ್ರಿಪ್ ದುಬಾರಿ ಎಂದು ನಮಗೂ ಗೊತ್ತು, ದಿನಾ ಮಾಡಬೇಕಾಗಿಲ್ಲ. ಎರಡು ಮೂರು ಸಲ ನೋಡಿದರೆ ನಿಮ್ಮ ಮೈಯ ರೀತಿ ತಿಳಿಯುತ್ತದೆ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಅಂಕಿ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಡಾಕ್ಟರು ತಮಿಳಿನಲ್ಲಿ ಮಾತಾಡಲಿ, ಇಂಗ್ಲಿಷಿನಲ್ಲಿ ಮಾತಾಡಲಿ, ಅಂಕಿ ಎಲ್ಲರಿಗೂ ಅರ್ಥವಾಗುತ್ತದೆ. ಮಾತ್ರೆ, ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವುದು ಅವರಿಗೇ ಬಿಟ್ಟದ್ದು. ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಇನ್ನೂ ಎಚ್ಚರ ಬೇಕು. ಇನ್ಸುಲಿನ್ ಮೊದಲೇ ಬಂದು, ಗ್ಲೂಕೋಸ್ ತಡವಾಗಿ ಬಂದರೆ ಮೊದಲು ಶುಗರ್ ಬಿದ್ದು, ಆಮೇಲೆ ಏರಬಹುದು.

ಎಣ್ಣೆಯನ್ನು ಪೂರ್ತಿ ಬಿಡಿ ಎಂದು ನಾವು ಹೇಳುತ್ತಿಲ್ಲ. ಒಗ್ಗರಣೆಯ ಚಮಚ, ಹಿಡಿ ಕಡಲೆಕಾಯಿ ಇರಲಿ. ಬೆಣ್ಣೆ, ವನಸ್ಪತಿ, ಪಾಮ್ ಎಣ್ಣೆಗಿಂತ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ಹೃದಯಕ್ಕೆ ಮೇಲು. ಆದರೆ ಎಣ್ಣೆ ಯಾವುದಾದರೂ ಗ್ರಾಂಗೆ 9 ಕ್ಯಾಲೊರಿಯೇ. ಅನ್ನ, ಮುದ್ದೆಯ ಪಿಷ್ಟಕ್ಕೆ 4. ಬಿರಿಯಾನಿ ಬೇಕೇ ಬೇಕು ಅಂದರೆ ಮಧ್ಯಾಹ್ನ ತಿನ್ನಿ, ತಟ್ಟೆ ಚಿಕ್ಕದಿರಲಿ, ತಿಂದಮೇಲೆ ಒಂದು ಸುತ್ತು ನಡೆಯಿರಿ.

ಇನ್ನೊಂದು ವಿಷಯವನ್ನು ಮನೆಯ ಮಕ್ಕಳೂ ತಿಳಿದಿರಬೇಕು. ಅಜ್ಜಿಗೋ ತಾತನಿಗೋ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ ಬಂದಾಗ ಗಾಬರಿಯಲ್ಲಿ ಚಾಕೊಲೇಟೋ ಮೈಸೂರು ಪಾಕೋ ಬಾಯಿಗೆ ಹಾಕುತ್ತಾರೆ. ಅದರಲ್ಲಿರುವ ಕೊಬ್ಬೇ ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ 108ಕ್ಕೆ ಫೋನ್ ಮಾಡಿ.